ರೊಟ್ಟಿಯ ಫ್ರಿಜ್ಜು

ಸೋಲಾಪುರದ ಅಕ್ಕಲಕೋಟ ರಸ್ತೆಯಲ್ಲಿರುವ ಶೈಲೇಶನ ಗೋದಾಮಿಗೆ ಬಂದು ಬೀಳುವ ಹಳೇ ಫ್ರಿಜ್ಜುಗಳಲ್ಲಿ ಹೆಚ್ಚಿನವು ಮತ್ತೆಂದೂ ತಣ್ಣಗಾಗುವುದಿಲ್ಲ. ಅವನ್ನು ಬಿಚ್ಚುವವನು ಧನರಾಜ. ಗ್ಯಾಸನ್ನು ಸಿಲಿಂಡರಿಗೆ ಇಳಿಸಿಕೊಂಡು, ಕಂಪ್ರೆಸರ್ ಕಳಚಿ, ತಾಮ್ರದ ನಳಿಗೆಗಳನ್ನು ಬಿಡಿಸಿಟ್ಟ ಮೇಲೆ ಉಳಿಯುವುದು ಒಂದು ಖಾಲಿ ಪೆಟ್ಟಿಗೆ. ಬೇರೆ ಕಡೆಯಾದರೆ ಅದೂ ತಗಡಿನ ರಾಶಿಗೆ ಸೇರುತ್ತಿತ್ತೇನೋ. ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಮಾತ್ರ ಅದನ್ನು ಕೇಳಿಕೊಂಡು ಬರುವವರಿದ್ದಾರೆ. ಅಲ್ಲಿ ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಕಟಕಟ ಮುರಿಯುವಷ್ಟು ಒಣಗಿಸಿ, ವಾರಗಟ್ಟಲೆ ಇಟ್ಟುಕೊಂಡು ತಿನ್ನುತ್ತಾರೆ. ಇಲಿ, ಇರುವೆ, ಬೆಕ್ಕು ಯಾವುದೂ ಮುಟ್ಟದಂತೆ ರೊಟ್ಟಿ ಕಾಯುವುದಕ್ಕೆ ಸತ್ತ ಫ್ರಿಜ್ಜಿಗಿಂತ ಒಳ್ಳೆಯ ಪೆಟ್ಟಿಗೆಯನ್ನು ಯಾವ ಬಡಿಗನೂ ಮಾಡಿಕೊಟ್ಟಿಲ್ಲ.

ಈ ಕೆಲಸದಲ್ಲಿ ಧನರಾಜನಿಗೆ ಒಂದೇ ಒಂದು ಕಟ್ಟುನಿಟ್ಟು ಇತ್ತು. ಹಗಲು ಮಗ್ಗದ ಕಾರಖಾನೆಯಲ್ಲಿ ದುಡಿದು ಸಂಜೆಯ ತರಗತಿಯಲ್ಲಿ ಫ್ರಿಜ್ಜಿನ ಕೆಲಸ ಕಲಿಯುತ್ತಿದ್ದಾಗ ಮಾಸ್ತರರು ಹೇಳಿಕೊಟ್ಟದ್ದು ಅದು. ಒಳಗಿನಿಂದ ನೂಕಿದರೆ ತೆರೆಯದ ಪೆಟ್ಟಿಗೆಯನ್ನು ಯಾರ ಮನೆಗೂ ಕಳಿಸಬಾರದು. ಮಕ್ಕಳು ಯಾವಾಗಲೂ ಅಡಗಿಕೊಳ್ಳಲು ಜಾಗ ಹುಡುಕುತ್ತಿರುತ್ತಾರೆ. ಫ್ರಿಜ್ಜಿನ ಬಾಗಿಲು ಮುಚ್ಚಿತೆಂದರೆ ಗಾಳಿಯೂ ಆಡದು, ಕೂಗೂ ಹೊರಗೆ ಬಾರದು. ಹಾಗಾಗಿ ಈಚಿನ ಫ್ರಿಜ್ಜಾದರೆ ಅವನು ಬಾಗಿಲಂಚಿನ ರಬ್ಬರು ಪಟ್ಟಿ ಕಿತ್ತು ತೆಗೆಯುತ್ತಿದ್ದ. ಬಹಳ ಹಳೆಯವಕ್ಕೆ ಎಳೆದು ತೆರೆಯುವ ಉಕ್ಕಿನ ಹಿಡಿಕೆ, ಅದರ ಹಿಂದೆ ಖಟ್ಟನೆ ಕಚ್ಚಿಕೊಳ್ಳುವ ಚಿಲಕ ಇರುತ್ತಿತ್ತು. ಅದನ್ನು ಬಿಚ್ಚಿ ಒಂದು ಎಣ್ಣೆ ಡಬ್ಬಿಯಲ್ಲಿ ಹಾಕಿಡುತ್ತಿದ್ದ.

ಆ ದಿನ ಮುಂಜಾನೆ ಪುಣೆಯಿಂದ ಒಬ್ಬ ಗಿರಾಕಿ ಬಂದಿದ್ದ. ಹಳೇ ವಸ್ತುಗಳನ್ನು ಮೊದಲಿದ್ದ ಹಾಗೆಯೇ ಮಾಡಿಡುವ ಹುಚ್ಚಿನವನು. ಅವನಿಗೆ ಉಕ್ಕಿನ ಹಿಡಿಕೆಯೊಂದು ಬೇಕಿತ್ತು.

“ಧನರಾಜ, ಹ್ವಾದ ವಾರ ಕೆಂಪ ಫ್ರಿಜ್ ಬಂದಿತ್ತಲ್ಲ, ಅದರ ಹಿಡಿಕಿ ತಗೊಂಡ ಬಾ,” ಎಂದ ಶೈಲೇಶ.

“ಐತ್ರಿ, ತರ್ತೀನಿ,” ಎಂದು ಧನರಾಜ ಡಬ್ಬಿಗೆ ಕೈ ಹಾಕಿದ. ಬಿಳಿಯ ಫ್ರಿಜ್ಜಿನ ಹಿಡಿಕೆ ಇತ್ತು, ತುಕ್ಕು ಹಿಡಿದ ಎರಡು ಚಿಲಕ ಇದ್ದವು. ಕೆಂಪು ಫ್ರಿಜ್ಜಿನದು ಇರಲಿಲ್ಲ. ಡಬ್ಬಿಯನ್ನೇ ನೆಲಕ್ಕೆ ಸುರುವಿದ. ಇರಲಿಲ್ಲ.

ತಾನು ಅದನ್ನು ಬಿಚ್ಚಿದ ನೆನಪು ಅವನ ಕೈಯಲ್ಲೇ ಇತ್ತು. ನಾಲ್ಕು ತಿರುಪುಗಳು, ಅದರಲ್ಲಿ ಒಂದು ಜಾಮ್ ಆಗಿದ್ದು, ಎಣ್ಣೆ ಬಿಟ್ಟು ಕಾದದ್ದು. ಆದರೆ ಅದು ಕೆಂಪು ಫ್ರಿಜ್ಜೋ, ಅದರ ಹಿಂದಿನ ಬಿಳಿಯದೋ? ಕೆಂಪು ಬಂದ ದಿನ ಟೆಂಪೋದವನು ಹೊತ್ತಿಗೆ ಮುಂಚೆ ಬಂದು ಹಾರ್ನು ಬಾರಿಸುತ್ತಿದ್ದ. ತಾನು ಕಂಪ್ರೆಸರ್ ಇಳಿಸಿ, ಕೈ ಒರೆಸಿಕೊಂಡು, “ಒಯ್ಯಿ” ಎಂದಿದ್ದ. ನಡುವೆ ಹಿಡಿಕೆ ಬಿಚ್ಚಿದ್ದು ಎಷ್ಟು ಯೋಚಿಸಿದರೂ ಕಣ್ಣ ಮುಂದೆ ಬರಲಿಲ್ಲ. ದಿನವೂ ಮಾಡುವ ಕೆಲಸದ ಕೆಟ್ಟತನವೇ ಇದು. ಮಾಡಿದ್ದೂ ಮಾಡದಿರುವುದೂ ಒಂದೇ ಥರ ನೆನಪಿರುತ್ತದೆ.

ಕೆಂಪು ಫ್ರಿಜ್ಜು ಅಕ್ಕಲಕೋಟದ ಸಿದ್ದೇಶ್ವರನಿಗೆ ಹೋಗಿತ್ತು. ಅವನು ಬಸ್ ನಿಲ್ದಾಣದ ಹಿಂದೆ ಹಳೇ ಸಾಮಾನು ಮಾರುವವನು. ಧನರಾಜ ಫೋನು ಹಚ್ಚಿದ.

“ಅದಾ? ನಾಗಣಸೂರಕ್ಕ ಹೋತಲ್ಲೋ. ಚನ್ನವೀರಪ್ಪ ಅಂತ. ಮನ್ಯಾಗ ಇವತ್ತ ಸೊಸಿ ಕುಬಸ ಐತಿ, ರೊಟ್ಟಿ ಇಡಾಕ ಬೇಕಂದ್ರು. ಯಾಕ?”

“ಅದರ ಹಿಡಿಕಿ ತಗದೀನೋ ಇಲ್ಲೋ ನೋಡಬೇಕಾಗೇತ್ರಿ.”

“ಹಿಡಿಕಿ ಗಟ್ಟಿ ಐತಿ ಅಂತ್ಲೇ ಒಯ್ದಾರಪಾ! ಖಟ್ ಅಂತ ಬೀಳ್ತೈತಿ. ಏಕದಮ್ ತಿಜೋರಿ!”

ಧನರಾಜ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. “ಇಲ್ಲೊಬ್ಬಾಂವ ಅದನ್ನ ಕೇಳಾಕ ಬಂದಾನ, ಅದಕ್ಕ ಗೊತ್ತಾತು...” ಎಂದು ಶುರುಮಾಡಿದ. ಮುಂದಿನದನ್ನು ಸಿದ್ದೇಶ್ವರ ಕೇಳಿಸಿಕೊಳ್ಳಲಿಲ್ಲ. “ಹಂಗ ಅನ್ನು ಮತ್ತ! ಗಿರಾಕಿ ಬಂದಾನ,” ಎಂದು ನಕ್ಕ. ಚನ್ನವೀರಪ್ಪನ ನಂಬರು ಕೊಟ್ಟ. ಧನರಾಜ ಮೂರು ಸಲ ಹಚ್ಚಿದರೂ ಯಾರೂ ಎತ್ತಲಿಲ್ಲ.

ಶೈಲೇಶನಿಗೆ ಹೇಳಿ, ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡು ಮೋಟರ್‌ಸೈಕಲ್ ಹತ್ತಿದ. ದಾರಿಯುದ್ದಕ್ಕೂ ಎದೆ ಎರಡು ಮಾತಾಡುತ್ತಿತ್ತು. ಬಸುರಿಗೆ ಮಡಿಲು ತುಂಬುವ ಕುಬಸದ ಮನೆ, ನೆಂಟರು ಬಂದಿರುತ್ತಾರೆ, ನೆಂಟರ ಮಕ್ಕಳು ಬಂದಿರುತ್ತಾರೆ. ಇಲ್ಲ, ರೊಟ್ಟಿ ತುಂಬಿದ ಫ್ರಿಜ್ಜಿನಲ್ಲಿ ಯಾರು ಕೂರುತ್ತಾರೆ. ಆದರೆ ಊಟ ಮುಗಿದ ಮೇಲೆ ರೊಟ್ಟಿ ಉಳಿದಿರುತ್ತದೆಯೇ? ಅಕ್ಕಲಕೋಟ ದಾಟುವಾಗ ಹೆಂಡತಿ ನಂದಾಳಿಗೆ ಫೋನು ಮಾಡಿ ಎಲ್ಲ ಹೇಳಿದ.

“ನಿಮಗ ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ಹಾದ್ಯಾಗಿಂದ ತಿರುಗಿ ಬರೂ ಚಾಳಿ,” ಎಂದಳು ಆಕೆ. ಆಮೇಲೆ, “ಹೋಗ್ರಿ. ನೋಡಿದ್ರ ಮನಸಿಗೆ ಸಮಾಧಾನ. ಸಾವಕಾಶ ಗಾಡಿ ಹೊಡೀರಿ,” ಎಂದಳು.

ಚನ್ನವೀರಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಓಣಿಗೆ ಪೆಂಡಾಲು ಹಾಕಿದ್ದರು, ಸ್ಪೀಕರಿನಲ್ಲಿ ಮರಾಠಿ ಹಾಡು ಗುಡುಗುತ್ತಿತ್ತು. ಅಂಗಳದಲ್ಲಿ ದೊಡ್ಡ ಪಾತ್ರೆಯಲ್ಲಿ ಹುಗ್ಗಿ ಕುದಿಯುತ್ತಿತ್ತು. ಪಡಸಾಲೆಯಲ್ಲಿ ಹಸಿರು ಸೀರೆ, ಕೈತುಂಬ ಹಸಿರು ಬಳೆ ತೊಟ್ಟ ಸೊಸೆ ಶ್ರದ್ಧಾಳನ್ನು ಮಣೆಯ ಮೇಲೆ ಕೂರಿಸಿದ್ದರು.

ಚನ್ನವೀರಪ್ಪ ಬಾಗಿಲಲ್ಲೇ ಎದುರಾದ. ಅರವತ್ತರ ಹತ್ತಿರದ ಗಟ್ಟಿ ಆಳು, ಹೆಗಲ ಮೇಲೆ ಹೊಸ ಟವೆಲು. ಧನರಾಜ ಹೆಸರು ಹೇಳುತ್ತಿದ್ದ ಹಾಗೆಯೇ ಅವನ ಮುಖ ಗಂಟಾಯಿತು.

“ಹಾಂ, ಬಂದ್ಯಾ. ಸಿದ್ದೇಶ್ವರನ ಫೋನ ಬಂದಿತ್ತು ಈಗ. ಹಿಡಿಕಿಗಿ ಪುಣೇದಾಂವ ಗಿರಾಕಿ ಸಿಕ್ಕಾನಂತ, ಬಿಚ್ಚಿಕೊಂಡ ಹೋಗಾಕ ಬಂದೀದಿ.”

“ಇಲ್ರಿ ಅಣ್ಣಾರ, ಗಿರಾಕಿ ಬ್ಯಾರೇ. ಆ ಚಿಲಕ ಇಡಬಾರದ್ರಿ ಮನ್ಯಾಗ. ನನ್ನ ಕಡಿಂದ ಚೂಕ ಆಗೇತಿ. ಸಣ್ಣ ಹುಡುಗ್ರು ಆಟಾ ಆಡ್ತಾ ಒಳಗ ಕುಂತು ಬಾಗಲಾ—”

“ಏ! ಬಿಡ್ತು ಅನ್ನು!” ಚನ್ನವೀರಪ್ಪ ಕೈ ಅಡ್ಡ ಹಿಡಿದ. ಪಡಸಾಲೆಯ ಹೆಂಗಸರು ಇತ್ತ ತಿರುಗಿದರು. “ಇವತ್ತ ಏನ ಕಾರ್ಯ ನಡದೈತಿ ಈ ಮನ್ಯಾಗ, ಕಣ್ಣಿಗಿ ಕಾಣಸ್ತದ ಇಲ್ಲ? ಹೊಟ್ಟ್ಯಾಗ ಕೂಸಿರೂ ಹೆಣ್ಮಗಳ ಮುಂದ ಆಡೂ ಮಾತೇನ ಇದು?”

ಧನರಾಜ “ಬಿಡ್ತು” ಎಂದ. ಅವನಿಗೂ ಗೊತ್ತಿರದ ರೀತಿಯಲ್ಲ. ಅವನ ಊರಾದ ತಡವಳದಲ್ಲಿ ತಾಯಿ ತುಳಜಾಬಾಯಿಯೂ ಇಂಥ ದಿನ ಇಂಥ ಮಾತು ಆಡಗೊಡುತ್ತಿರಲಿಲ್ಲ. ಆದರೆ ಆಡದೆ ತಿಳಿಸುವುದು ಹೇಗೆ?

“ಉಂಡ ಹೋಗು. ಬಂದಾಂವ ಉಪಾಸ ಹೋಗಬಾರದು,” ಎಂದ ಚನ್ನವೀರಪ್ಪ, ಸ್ವಲ್ಪ ಇಳಿದ ದನಿಯಲ್ಲಿ. “ಫ್ರಿಜ್ಜಿನ ಸುದ್ದಿಗಿ ಮಾತ್ರ ಹೋಗಬ್ಯಾಡ. ನಮ್ಮ ಮನ್ಯಾಗ ಇಲಿ ಕಾಟ ನಿನಗ ಗೊತ್ತಿಲ್ಲ. ಆ ಚಿಲಕಾ ನೋಡೇ ತಂದದ್ದು.”

ಧನರಾಜ ಪೆಂಡಾಲಿನ ತುದಿಯಲ್ಲಿ ಕೂತ. ಎದ್ದು ಹೋಗಿಬಿಡಬಹುದಿತ್ತು. ಹೇಳುವುದನ್ನು ಹೇಳಿಯಾಗಿದೆ, ಕೇಳದಿದ್ದರೆ ಅವರ ಪಾಡು ಎನ್ನಬಹುದಿತ್ತು. ಆದರೆ ಹೇಳಿದ್ದು ಅರ್ಧ ವಾಕ್ಯ ಮಾತ್ರ. ಅರ್ಧ ವಾಕ್ಯ ಹೇಳಿ ಮನೆಗೆ ಹೋದವನಿಗೆ ಇನ್ನು ಎಷ್ಟು ವರ್ಷ ನಿದ್ದೆ ಬಾರದೋ ಎಂದು ಅವನು ಲೆಕ್ಕ ಹಾಕುತ್ತಿದ್ದ.

ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರು. ಒಬ್ಬಳು ಕಂಬಕ್ಕೆ ಮುಖ ಒತ್ತಿ ಮರಾಠಿಯಲ್ಲಿ ಎಣಿಸುತ್ತಿದ್ದಳು, ಉಳಿದವರು ಚೆಲ್ಲಾಪಿಲ್ಲಿಯಾಗಿ ಓಡುತ್ತಿದ್ದರು. ಲಪಂಡಾವ್. ಕಣ್ಣುಮುಚ್ಚಾಲೆ. ಧನರಾಜ ಬೇಡವೆಂದರೂ ತಲೆ ಎಣಿಸತೊಡಗಿದ. ಒಟ್ಟು ಆರು. ನೆಂಟರ ಬಂಡಿಯ ಹಿಂದೆ ಇಬ್ಬರು ಸಿಕ್ಕರು. ಪೆಂಡಾಲಿನ ಬಟ್ಟೆಯ ಮರೆಯಲ್ಲಿ ಒಬ್ಬ. ನೀರಿನ ಟಾಕಿಯ ಹಿಂದೆ ಒಬ್ಬಳು. ಎಣಿಸುವವಳು ಸೇರಿ ಐದು. “ಸೋನು ಎಲ್ಲಿ? ಸೋನು ಸಿಕ್ಕಿಲ್ಲ!” ಎಂದು ಅವರೆಲ್ಲ ಮನೆಯೊಳಗೆ ನೋಡಿದರು.

ಧನರಾಜ ಎದ್ದ. ಪಡಸಾಲೆ ದಾಟಿದ್ದು, ಕೂತ ಹೆಂಗಸರ ನಡುವೆ ದಾರಿ ಮಾಡಿಕೊಂಡದ್ದು, ಪರರ ಮನೆಯ ಅಡುಗೆಮನೆ ಹೊಸ್ತಿಲು ದಾಟುತ್ತಿದ್ದೇನೆ ಎಂಬುದು, ಯಾವುದೂ ಅವನಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಮೂಲೆಯಲ್ಲಿ ಎದೆಯೆತ್ತರದ ಕೆಂಪು ಫ್ರಿಜ್ಜು ನಿಂತಿತ್ತು, ಉಕ್ಕಿನ ಹಿಡಿಕೆ ಮಿರಿಮಿರಿ ಮಿಂಚುತ್ತಿತ್ತು. ಎರಡೂ ಕೈಯಿಂದ ಎಳೆದ. ಖಟ್ ಎಂದು ಬಾಗಿಲು ತೆರೆಯಿತು.

ಮೇಲಿನ ಮೂರು ಅರೆಗಳಲ್ಲಿ ರೊಟ್ಟಿ. ಕೆಳಗೆ ತರಕಾರಿ ಡಬ್ಬಿಯ ಜಾಗದಲ್ಲಿ ಶೇಂಗಾ ಚಟ್ನಿಯ ಡಬ್ಬ, ಅದರ ಪಕ್ಕ ಖಾಲಿ. ಬೇರೇನೂ ಇಲ್ಲ.

ಅಷ್ಟರಲ್ಲಿ ಜೋಳದ ಚೀಲಗಳ ಹಿಂದಿನಿಂದ ಐದು ವರ್ಷದ ಹುಡುಗನೊಬ್ಬ, ಮೂಗಿನ ಮೇಲೆಲ್ಲ ಧೂಳು, ತಲೆ ಎತ್ತಿ, “ಶ್! ಹೇಳಬ್ಯಾಡ್ರಿ!” ಎಂದ.

ಧನರಾಜ ಅವನಿಗೆ ತಲೆಯಾಡಿಸಿದ. ಫ್ರಿಜ್ಜಿನ ಬಾಗಿಲು ಹಿಡಿದು ನಿಂತ. ಆಗ ಕಂಡದ್ದು, ಒಲೆಯ ಪಕ್ಕ ರೊಟ್ಟಿಗಳನ್ನು ಬುಟ್ಟಿಗೆ ಜೋಡಿಸುತ್ತ ಕೂತಿದ್ದ ಮುದುಕಿ. ಗುರಮ್ಮ, ಚನ್ನವೀರಪ್ಪನ ತಾಯಿ.

“ಯಾರಪಾ ನೀ? ಯಾ ಊರಾಂವ?”

“ತಡವಳದಾಂವ ರಿ ಆಯಿ. ತುಳಜಾಬಾಯಿ ಮಗ. ಈ ಫ್ರಿಜ್ ಬಿಚ್ಚಿ ಕಳಿಸಿದಾಂವ ನಾನs.” ಈಗ ಎಲ್ಲಿ ನಿಂತಿದ್ದೇನೆಂದು ನೆನಪಾಗಿ ಹೊಸ್ತಿಲಿಗೆ ಹಿಂದೆ ಸರಿದ. “ತಪ್ಪಾತ್ರಿ, ಕೇಳದs ಒಳಗ ಬಂದೀನಿ.”

ಗುರಮ್ಮ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. “ಒಳಗ ಬಂದs ಬಿಟ್ಟೀದಿ, ಇನ್ನ ಹೊಸ್ತಿಲದಾಗ ನಿಂತ ಏನ ಮಾಡ್ತಿ? ಮಾರಿ ಯಾಕ ಸುಣ್ಣಾದಂಗ ಆಗೇತಿ? ಏನ ಹುಡಕಾಕ ಬಂದಿದ್ದಿ ಅದರಾಗ?”

ಬಾಯಿ ತೆರೆದ. ಪಡಸಾಲೆಯಲ್ಲಿ ಶ್ರದ್ಧಾಳ ಮಡಿಲು ತುಂಬುತ್ತ ಹೆಂಗಸರು ಹಾಡು ಎತ್ತಿಕೊಂಡಿದ್ದರು. ಬಾಯಿ ಮುಚ್ಚಿದ.

“ಆಡೂ ಮಾತಲ್ರಿ ಆಯಿ, ಇವತ್ತ.”

“ಆಡಬ್ಯಾಡ ಹಂಗಾರ. ತೋರ್ಸು.”

ಬಹುಶಃ ಆಕೆ ಸುಮ್ಮನೆ ಅಂದಳು. ಆದರೆ ಧನರಾಜ ಅದನ್ನೇ ಹಿಡಿದುಕೊಂಡ. ಕಿಸೆಯಿಂದ ಮೊಬೈಲು ತೆಗೆದ. ಮಗ್ಗದ ಕಾರಖಾನೆಯಲ್ಲಿದ್ದಾಗ ಅಲ್ಲಿನ ಸದ್ದಿನಲ್ಲೂ ಕೇಳಲೆಂದು ಹುಡುಕಿ ಹಾಕಿಕೊಂಡಿದ್ದ ಅಲಾರಾಮು ಅದರಲ್ಲಿತ್ತು. ಅದನ್ನು ಹಚ್ಚಿದ. ಕರ್ಕಶವಾಗಿ ಕಿರುಚಿತು. ಸೋನು ಕಿವಿ ಮುಚ್ಚಿಕೊಂಡು ನಗುತ್ತ ಹೊರಗೆ ಓಡಿದ. ಧನರಾಜ ಮೊಬೈಲನ್ನು ಫ್ರಿಜ್ಜಿನ ಕೆಳಗಿನ ಖಾಲಿ ಜಾಗದಲ್ಲಿಟ್ಟು ಬಾಗಿಲು ಹಾಕಿದ.

ಖಟ್.

ಸದ್ದು ನಿಂತಿತು. ಯಾರೋ ಕೈಯಿಂದ ಅದರ ಗಂಟಲು ಹಿಡಿದ ಹಾಗೆ. ಉಳಿದದ್ದು ಪಡಸಾಲೆಯ ಹಾಡು, ಸ್ಪೀಕರಿನ ಗುಡುಗು.

“ಬಂದ್ ಆತೇನ ಅದು?” ಎಂದಳು ಗುರಮ್ಮ.

“ಇಲ್ರಿ. ಒದರಾಕತ್ತೇತಿ.”

ಆಕೆ ನೆಲಕ್ಕೆ ಕೈಯೂರಿ ಎದ್ದು ಬಂದಳು. ಬಾಗಿಲಿಗೆ ಕಿವಿ ಹಚ್ಚಿದಳು. ಬಹಳ ಹೊತ್ತು ಹಾಗೆಯೇ ನಿಂತಳು. ಮತ್ತೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ ಕೇಳಿದಳು. ಮತ್ತೆ ಒಲೆಯ ತನಕ ಹೋಗಿ, ತಾನು ದಿನವೂ ಕೂರುವ ಜಾಗದಲ್ಲಿ ನಿಂತು ಕೇಳಿದಳು.

“ಎಷ್ಟೊತ್ತ ಒದರತೈತಿ?”

“ಯಾರರ ಬಂದು ತಗಿಯೂ ತನಕ ರಿ.”

ಹೊರಗೆ ಸೋನುವಿನ ದನಿ ಕೇಳುತ್ತಿತ್ತು, ಈ ಸಲ ಎಣಿಸುವ ಪಾಳಿ ಅವನದು. ಗುರಮ್ಮನ ಕಣ್ಣುಗಳು ಮುಚ್ಚಿದ ಫ್ರಿಜ್ಜಿನ ಎತ್ತರವನ್ನು ಅಳೆದವು. ಆಮೇಲೆ ತಾನೇ ಹೋಗಿ ಹಿಡಿಕೆ ಎಳೆದಳು. ಒಂದು ಸಲಕ್ಕೆ ಬರಲಿಲ್ಲ, ಎರಡನೆಯ ಸಲ ಬಂತು. ಅಲಾರಾಮು ಹೊರಗೆ ಚೀರಿತು.

“ಚನ್ನಾ!” ಎಂದು ಕೂಗಿದಳು. ಮಗ ಬಂದ. ಅಡುಗೆಮನೆಯಲ್ಲಿ ಧನರಾಜನನ್ನು ನೋಡಿ ಅವನ ಕಣ್ಣು ಕೆಂಪಾಯಿತು. “ಇಂವಗ ಹಿಡಿಕಿ ತಗ್ಯಾಕ ಹೇಳು,” ಎಂದಳು ಗುರಮ್ಮ.

“ಯವ್ವಾ, ಅಂವ ಅದನ್ನ ಮಾರಕೊಳ್ಳಾಕ—”

“ಹಿಡಿಕಿ ನನ್ನ ಕೈಯಾಗ ಕೊಟ್ಟ ಹೋಗ್ತಾನ. ಹೌದಲ್ಲೋ?”

“ಹೌದ್ರಿ,” ಎಂದ ಧನರಾಜ.

“ಇಲಿ ಬಂದ್ರ?” ಎಂದ ಚನ್ನವೀರಪ್ಪ.

“ಇಲಿ ಬಂದ್ರ ರೊಟ್ಟಿ ತಿಂತಾವು. ನಾ ಮತ್ತ ಬಡೀತೀನಿ.” ಮುದುಕಿಯ ದನಿ ಏರಲಿಲ್ಲ. “ಯಾಕ ಏನ ಅಂತ ನಾಳಿ ಕೇಳು. ಇವತ್ತ ಕೇಳಬ್ಯಾಡ.”

ಚನ್ನವೀರಪ್ಪ ತಾಯಿಯ ಮುಖ ನೋಡಿದ. ಅಲ್ಲಿ ಏನು ಕಂಡಿತೋ, ಫ್ರಿಜ್ಜಿನತ್ತ ನೋಡಿದ, ಹೊರಗೆ ಮಕ್ಕಳ ಗದ್ದಲದತ್ತ ನೋಡಿದ. ಟವೆಲಿನಿಂದ ಮುಖ ಒರೆಸಿಕೊಂಡು, “ತಗೀಪಾ,” ಎಂದ.

ನಾಲ್ಕು ತಿರುಪು. ಯಾವುದೂ ಜಾಮ್ ಆಗಿರಲಿಲ್ಲ. ಹಿಡಿಕೆ, ಚಿಲಕ ಎರಡನ್ನೂ ಗುರಮ್ಮನ ಕೈಗೆ ಕೊಟ್ಟ. ಬಾಗಿಲಂಚಿನ ರಬ್ಬರು ಪಟ್ಟಿಯನ್ನೂ ಕಿತ್ತು ತೆಗೆದ. ಬಾಗಿಲು ಸಡಿಲಾಗಿ ತೂಗಾಡಿತು. ಇಷ್ಟಕ್ಕೆ ಬಿಟ್ಟು ಹೋದರೆ ರಾತ್ರಿ ಇಲಿಗಳ ಜಾತ್ರೆ, ಬೆಳಗಾದರೆ ಚನ್ನವೀರಪ್ಪ ಯಾವನಿಂದಲೋ ಹೊಸ ಚಿಲಕ ಕೂರಿಸಿಕೊಳ್ಳುತ್ತಾನೆ.

“ಅಣ್ಣಾರ, ಅಟ್ಟದ ಮ್ಯಾಲ ಕೆಟ್ಟ ಟೇಪ್ ರೆಕಾರ್ಡರ್ ಏನರ ಐತೇನ್ರಿ?”

“ಇಲ್ಲದs ಏನ? ನನ್ನ ಲಗ್ನದಾಗ ಬಂದದ್ದು. ನಿನಗ ಯಾಕ ಅದು?”

ಎರಡು ಸ್ಪೀಕರಿನ ದೊಡ್ಡ ಟೇಪ್ ರೆಕಾರ್ಡರ್ ಜೇಡರ ಬಲೆಯ ಸಮೇತ ಕೆಳಗಿಳಿಯಿತು. ಧನರಾಜ ಅಡುಗೆಮನೆಯ ನೆಲದ ಮೇಲೆ ಅದನ್ನು ಬಿಚ್ಚಿ ಸ್ಪೀಕರುಗಳ ಹಿಂದಿನ ಅಯಸ್ಕಾಂತ ತೆಗೆದ. ತಗಡಿನ ಪಟ್ಟಿ ಬಿಗಿದು ಫ್ರಿಜ್ಜಿನ ಚೌಕಟ್ಟಿಗೆ ಮೇಲೊಂದು, ಕೆಳಗೊಂದು ಕೂರಿಸಿದ. ಬಾಗಿಲಿಗೆ ಎದುರಾಗಿ ಕಬ್ಬಿಣದ ತುಂಡು ಹಚ್ಚಿದ. ಹಿಂದಿನ ತಗಡಿಗೆ ಕೈ ಡ್ರಿಲ್ಲಿನಿಂದ ತೂತು ಕೊರೆದು, ಸ್ಪೀಕರಿನ ಮುಖಕ್ಕಿದ್ದ ಉಕ್ಕಿನ ಜಾಳಿಗೆಯನ್ನು ಅದರ ಮೇಲೆ ಬಿಗಿದ. ಗಾಳಿ ಹೋಗಬೇಕು, ಇಲಿ ಹೋಗಬಾರದು.

“ಗಾಳಿ ಆಡೂದು ಛಲೋ ಆತು ನೋಡು. ಒಳಗಿನ ರೊಟ್ಟಿ ಮೆತ್ತಗಾಗಿ ಮುಗ್ಗ ವಾಸನಿ ಹಿಡೀಲಿಕತ್ತಿದ್ದು,” ಎಂದಳು ಗುರಮ್ಮ.

ಬಾಗಿಲು ನೂಕಿದರೆ ಟಕ್ ಎಂದು ಕೂತಿತು. ಬೆರಳಿನಿಂದ ಎಳೆದರೆ ಬಂತು. ಚನ್ನವೀರಪ್ಪ ನಾಲ್ಕು ಸಲ ಹಾಕಿ ತೆಗೆದ. “ಇಲಿ ಇದನ್ನ ತಗ್ಯಾಂಗಿಲ್ಲ ಬಿಡು,” ಎಂದು ಒಪ್ಪಿಕೊಂಡ.

ಧನರಾಜ ಮಾತ್ರ ಬಾಗಿಲನ್ನೇ ನೋಡುತ್ತ ನಿಂತಿದ್ದ. ಹೊರಗಿನಿಂದ ಎಳೆಯುವುದು ಬೇರೆ, ಒಳಗಿನಿಂದ ನೂಕುವುದು ಬೇರೆ. ತೆರೆಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಚಿಲಕ ಬಿಚ್ಚಿದ್ದೂ ಅವನಿಗೆ ಗೊತ್ತೇ ಇತ್ತಲ್ಲ! ಹಾಗಾಗಿ ರೊಟ್ಟಿಗಳನ್ನು ಬುಟ್ಟಿಗೆ ಇಳಿಸಿ, ಅರೆಗಳನ್ನು ಹೊರಗೆ ತೆಗೆದಿಟ್ಟು, ಚಪ್ಪಲಿಯಿಲ್ಲದ ಕಾಲನ್ನು ಒಳಗಿಟ್ಟು, ಮೊಳಕಾಲು ಗದ್ದಕ್ಕೆ ಹಚ್ಚಿ ಕುಕ್ಕರಿಸಿದ. ಸಣಕಲು ಮೈ ಹೇಗೋ ಹಿಡಿಸಿತು.

“ಹಾಕ್ರಿ ಅಣ್ಣಾರ.”

“ಹುಚ್ಚ ಏನಲೇ ನೀ?”

“ಹಾಕ್ರಿ.”

ಕತ್ತಲು. ಹಳೇ ಥರ್ಮಾಕೋಲಿನ, ಜೋಳದ ಹಿಟ್ಟಿನ ವಾಸನೆ. ಬೆನ್ನ ಹಿಂದೆ ಜಾಳಿಗೆಯಿಂದ ಸೂಜಿಯಷ್ಟು ಸಣ್ಣ ಬೆಳಕಿನ ಚುಕ್ಕೆಗಳು. ಅವನು ಕಿರುಬೆರಳು ಎತ್ತಿ ಬಾಗಿಲಿಗೆ ಒತ್ತಿದ. ಮಗುವಿನ ಬಲ ಎಷ್ಟಿರುತ್ತದೆಯೋ ಅಷ್ಟೇ, ಅದಕ್ಕಿಂತ ಹೆಚ್ಚು ಬೇಡ. ಟಕ್ ಎಂದು ಬಾಗಿಲು ಬಿಟ್ಟುಕೊಂಡಿತು. ಮೈ ಭಾರಕ್ಕೆ ಧನರಾಜ ಉರುಳಿ ನೆಲದ ಮೇಲೆ ಬಿದ್ದ.

ಅಡುಗೆಮನೆಯ ಬಾಗಿಲಲ್ಲಿ ಹೆಂಗಸರು ನೆರೆದಿದ್ದರು. “ಶ್ರದ್ಧಾ, ಬಾ ಇಲ್ಲೆ!” ಎಂದು ಒಬ್ಬಳು ಕೂಗಿದಳು. “ನಿನಗಿನ್ನ ಎರಡ ತಿಂಗಳ ಬೇಕು, ನಿಮ್ಮತ್ತಿ ಮನಿ ಫ್ರಿಜ್ ಆಗಲೇ ಹಡೀತು!”

“ಗಂಡ ಕೂಸs! ಮೀಸಿ ಸಮೇತ!”

ಮನೆಯೆಲ್ಲ ನಕ್ಕಿತು. ಶ್ರದ್ಧಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಧನರಾಜನೂ ನೆಲದಲ್ಲಿ ಕೂತೇ ನಕ್ಕ; ನಗುವಾಗ ಕಣ್ಣಲ್ಲಿ ನೀರು ಬಂದದ್ದನ್ನು ಹಿಟ್ಟಿನ ಕೈಯಿಂದ ಒರೆಸಿಕೊಂಡ. ಯಾಕೆ ಬಂದಿದ್ದನೆಂದು ಅವರಾರೂ ಕೇಳಲಿಲ್ಲ.

ಅಡುಗೆಮನೆಯಲ್ಲೇ ಗುರಮ್ಮ ಅವನಿಗೆ ಊಟ ಬಡಿಸಿದಳು. ಎದುರಿಗೆ ಕೂತು ಹುಗ್ಗಿಗೆ ತುಪ್ಪ ಹಾಕುತ್ತ ಕೇಳಿದಳು: “ಇಂಥಾವ ಎಷ್ಟ ಕಳಿಸೀದಿ ಊರೂರಿಗಿ?”

“ಚಿಲಕದ್ದು ಇದೊಂದs ಅಲ್ರಿ, ಇನ್ನ ನಾಕ ಇದ್ದವು. ರಬ್ಬರಿನವು ಭಾಳ ಅದಾವು.”

“ಅವೆಲ್ಲಾ ತಗದs ಕಳಿಸೀದಿ?”

“ತಗದೀನ್ರಿ.” ತುತ್ತು ಕೈಯಲ್ಲೇ ನಿಂತಿತು. “ತಗದೀನಿ ಅಂತ ಅನ್ಕೊಂಡೀನಿ.”

ಗುರಮ್ಮ ಮತ್ತೊಂದು ಚಮಚ ತುಪ್ಪ ಹಾಕಿದಳು, ಅಷ್ಟೇ. ಇದನ್ನೂ ಹಾಗೇ ಅಂದುಕೊಂಡಿದ್ದೆಯಲ್ಲ ಎಂದು ಆಕೆ ಅನ್ನಲಿಲ್ಲ.

ಧನರಾಜ ಕೈ ತೊಳೆದು, ಉಳಿದ ನಾಲ್ಕು ಫ್ರಿಜ್ಜು ಯಾರ ಮನೆಗೆ ಹೋದವೆಂದು ಸಿದ್ದೇಶ್ವರನನ್ನು ಕೇಳಿಕೊಂಡು, ನಂದಾಳಿಗೆ ಫೋನು ಮಾಡಿದ. “ಇಲ್ಲಿದ್ದು ಆತು. ಬರೂದು ತಡಾ ಆಗತದ.”

“ಮತ್ತೆಲ್ಲಿಗಿ?”

“ವಾಗದರಿ. ಅಲ್ಲಿಂದ ಇನ್ನೊಂದ ಕಡಿ. ಉಳದಿದ್ದು ನಾಳಿಗಿ.”

ಆಕೆ ಗ್ಯಾಸಿನ ಮಾತು ಎತ್ತಲಿಲ್ಲ. “ಉಂಡ್ರೇನು?” ಎಂದು ಮಾತ್ರ ಕೇಳಿದಳು.

ವಾಗದರಿಯ ಮನೆ ಊರ ಹೊರಗಿನ ಹೊಲದಲ್ಲಿತ್ತು. ಬಂಡೆಪ್ಪ ಎಂಬವರು ಜೋಳದ ಒಣದಂಟಿನ ಕಣಿಕೆ ಒಟ್ಟುತ್ತಿದ್ದರು. ಫ್ರಿಜ್ಜು ಎಲ್ಲಿದೆಯೆಂದು ಕೇಳಿದ್ದಕ್ಕೆ ಕೈ ತೋರಿಸಿದರು. ಅದು ಗುಡಿಸಲಿನ ಹಿಂದೆ ನಿಂತಿತ್ತು, ಒಳಗೆ ಬೀಜದ ಪೊಟ್ಟಣಗಳು. ಚಿಲಕವಿದ್ದ ಜಾಗದಲ್ಲಿ ನಾಲ್ಕು ತೂತು, ಬಾಗಿಲಿಗೆ ಒಂದು ಸುತಳಿ. ಧನರಾಜ ಸುತಳಿ ಬಿಚ್ಚಿ, ಬಾಗಿಲು ಮುಚ್ಚಿ, ಒಂದು ಗೇಣು ತಾನೇ ಜರುಗಿ ತೆರೆದುಕೊಳ್ಳುವುದನ್ನು ನೋಡಿದ. ಮತ್ತೆ ಮುಚ್ಚಿ ಮತ್ತೊಮ್ಮೆ ನೋಡಿದ.

“ಏನ ಕೆಟ್ಟೈತೇನ್ರಿ?” ಎಂದರು ಬಂಡೆಪ್ಪ.

“ಇಲ್ರಿ ಕಾಕಾ. ಬರೋಬರ ಐತಿ.”

“ಮತ್ತ ಸೋಲಾಪುರದಿಂದ ಇಷ್ಟ ದೂರ ಯಾಕ ಬಂದ್ರಿ?”

ಇಲ್ಲಿ ಕುಬಸವಿರಲಿಲ್ಲ, ಮಡಿಲು ತುಂಬುವ ಹಾಡಿರಲಿಲ್ಲ. ಧನರಾಜ ಕಣಿಕೆಯ ರಾಶಿಯ ಪಕ್ಕ ಕೂತು, ಯಾಕೆ ಬಂದೆನೆಂಬುದನ್ನು ಮೊದಲಿನಿಂದ, ಪೂರ್ತಿ ವಾಕ್ಯಗಳಲ್ಲಿ ಹೇಳಿದ.